ತಲೆ ಬೇರೆಯಾದ ಹುಂಜ ಕೂಗಿದ್ದು ಎಲ್ಲಿಂದ?

ಪ್ರಶ್ನೆ: ಯುಗಾದಿಯ ಮರುದಿನ ಹೊಸತೊಡಕಿಗೆಂದು ಮನೆಯಲ್ಲಿ ನಾಟಿ ಹುಂಜ ಕುಯ್ದೆವು. ತಲೆ ಬೇರೆಯಾದ ಮೇಲೆ ರೆಕ್ಕೆ ಬಡಿಯುತ್ತಿದ್ದ ಹುಂಜವನ್ನು ನನ್ನ ತಮ್ಮ ನೆಲಕ್ಕೆ ಒತ್ತಿ ಹಿಡಿದಾಗ ಅದರಿಂದ ಕೊರ್ರೆಂದು ಸ್ಪಷ್ಟವಾಗಿ ಸದ್ದು ಬಂತು. ಏಳನೆಯ ತರಗತಿಯಲ್ಲಿರುವ ಮಗಳು ಹೆದರಿ ಊಟವನ್ನೇ ಬಿಟ್ಟಳು. ದೇವರಿಗೆ ಈ ಕೋಳಿ ಸಲ್ಲಲಿಲ್ಲ ಎಂದು ನಮ್ಮ ಅತ್ತೆಯವರ ವಾದ. ಬಾಯಿಯೇ ಇಲ್ಲದೆ ಸದ್ದು ಬಂದದ್ದು ಹೇಗೆ? ಆಗ ಹಿತ್ತಲ ಹೊಂಗೆ ಮರದಲ್ಲಿ ಕೋಗಿಲೆ ಕೂಗುತ್ತಿತ್ತು. ಗಿಳಿಗೆ ಮಾತು ಬರುವುದಾದರೆ ಇಷ್ಟು ಚೆನ್ನಾಗಿ ಹಾಡುವ ಕೋಗಿಲೆಗೆ ಏಕೆ ಬರುವುದಿಲ್ಲ ಎಂದು ಮಗಳು ಕೇಳುತ್ತಾಳೆ. ನಾಲಿಗೆ ಕೆರೆದರೆ ಗಿಳಿ ಬೇಗ ಮಾತು ಕಲಿಯುತ್ತದೆ ಎನ್ನುವುದು ನಿಜವೇ?
— ಓದುಗರು, ಗೌರಿಬಿದನೂರು ತಾಲ್ಲೂಕು

ಉತ್ತರ: ಮಗಳಿಗೆ ಮೊದಲು ಇಷ್ಟು ಹೇಳಿ. ಆ ಸದ್ದು ಬಂದದ್ದು ಹುಂಜದ ಎದೆಯ ಒಳಗಿನಿಂದ. ತಲೆ ಬೇರೆಯಾದ ದೇಹಕ್ಕೆ ನೋವು ತಿಳಿಯುವ ಮಿದುಳಿಲ್ಲ. ಆದ್ದರಿಂದ ಅದು ನೋವಿನ ಕೂಗೂ ಆಗಿರಲಿಲ್ಲ. ನಿಮ್ಮ ತಮ್ಮ ಒತ್ತಿ ಹಿಡಿದಾಗ ಒಳಗಿದ್ದ ಗಾಳಿ ಹೊರಟಿತು. ಹೊರಡುವ ದಾರಿಯಲ್ಲಿ ಹಕ್ಕಿಯ ಧ್ವನಿಯ ಅಂಗ ಇನ್ನೂ ಇಡಿಯಾಗಿತ್ತು. ಕತ್ತಿ ಬಿದ್ದದ್ದು ಅದಕ್ಕಿಂತ ಎಷ್ಟೋ ಮೇಲೆ. ಅತ್ತೆಯವರಿಗೆ ಏನು ಹೇಳಬೇಕೆನ್ನುವುದನ್ನು ನಿಮಗೇ ಬಿಡುತ್ತೇನೆ. ದೇವರ ಲೆಕ್ಕ ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ಸೇರಿದ್ದಲ್ಲ. ಆದರೆ ಸರಿಯಾಗಿ ಒತ್ತಿದರೆ ದೇವರಿಗೆ ಸಂದ ಕೋಳಿಯೂ ಕೂಗುತ್ತದೆ.

ಮನುಷ್ಯನಿಗೆ ಧ್ವನಿಪೆಟ್ಟಿಗೆ ಇರುವುದು ಶ್ವಾಸನಾಳದ ಮೇಲ್ತುದಿಯಲ್ಲಿ. ಗಂಡಸರ ಕತ್ತಿನಲ್ಲಿ ಮುಂದಕ್ಕೆ ಚಾಚಿಕೊಂಡು, ಎಂಜಲು ನುಂಗುವಾಗ ಮೇಲೆ ಕೆಳಗೆ ಆಡುವ ಗಂಟು ಅದರದೇ ಮೃದ್ವಸ್ಥಿ. ಹಕ್ಕಿಗೂ ಅದೇ ಜಾಗದಲ್ಲಿ ಅಂಥದೊಂದು ಪೆಟ್ಟಿಗೆ ಇದೆ. ಕೋಳಿಯ ಬಾಯಿ ತೆರೆದರೆ ನಾಲಿಗೆಯ ಹಿಂದೆ ಸೀಳಿನಂತೆ ತೆರೆದು ಮುಚ್ಚುವ ಕಂಡಿ ಕಾಣುವುದು ಅದೇ. ಅದಕ್ಕೆ ಧ್ವನಿತಂತುಗಳಿಲ್ಲ. ಕಾಳು, ನೀರು ಉಸಿರಿನ ದಾರಿಗೆ ಇಳಿಯದಂತೆ ಕಾಯುವುದು ಅದರ ಮುಖ್ಯ ಕೆಲಸ. ಹಕ್ಕಿಯ ಕೂಗು ಹುಟ್ಟುವ ಅಂಗವೇ ಬೇರೆ. ಶ್ವಾಸನಾಳ ಕತ್ತಿನುದ್ದಕ್ಕೂ ಇಳಿದು ಎದೆಗೂಡನ್ನು ಹೊಕ್ಕು, ಎರಡು ಶ್ವಾಸಕೋಶಗಳ ಕಡೆಗೆ ಎರಡಾಗಿ ಕವಲೊಡೆಯುವ ಕೂಡಿನಲ್ಲಿ ಅದು ಕುಳಿತಿದೆ. ಅದರ ಹೆಸರು ಸಿರಿಂಕ್ಸ್. 1872ರಲ್ಲಿ ಇಂಗ್ಲೆಂಡಿನ ಥಾಮಸ್ ಹಕ್ಸ್‌ಲಿ ಇಟ್ಟ ಹೆಸರು ಇದು. ನಮ್ಮ ಎಷ್ಟೋ ಶಾಲಾ ಚಿತ್ರಪಟಗಳಲ್ಲಿ ಹಕ್ಕಿಯ ಗಂಟಲಿಗೆ ಬಾಣದ ಗುರುತು ಹಾಕಿ ‘ಧ್ವನಿಪೆಟ್ಟಿಗೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಇದು ನನಗೆ ಹಳೆಯ ಸಿಟ್ಟು.

ನಿಮ್ಮ ಮನೆಯಲ್ಲಿ ನಡೆದದ್ದನ್ನು ಪ್ರಯೋಗವಾಗಿಯೇ ಮಾಡಿ ನೋಡಿದವರಿದ್ದಾರೆ. ಫ್ರಾನ್ಸಿನ ಜಾರ್ಜ್ ಕ್ಯುವಿಯೆ 1800ರ ಆಸುಪಾಸಿನಲ್ಲಿ ಹಕ್ಕಿಗಳ ಶ್ವಾಸನಾಳವನ್ನು ಕತ್ತಿನ ನಡುವೆ ಕತ್ತರಿಸಿ, ಆಮೇಲೂ ಅವು ಕೂಗುವುದನ್ನು ತೋರಿಸಿಕೊಟ್ಟ. ಇಂದಿನ ಕಣ್ಣಿಗೆ ಅದು ಕ್ರೌರ್ಯವೇ ಸರಿ. ಆದರೆ ಹಕ್ಕಿಯ ಧ್ವನಿ ಕತ್ತಿನ ಕೆಳಗೆ ಹುಟ್ಟುತ್ತದೆ ಎಂಬುದಕ್ಕೆ ಅದಕ್ಕಿಂತ ನೇರ ಸಾಕ್ಷಿ ಬೇಕಿರಲಿಲ್ಲ.

ಇದನ್ನೇ ಮನುಷ್ಯನಲ್ಲಿ ತಿರುಗಿಸಿ ನೋಡಿ. ಉಸಿರಾಟದ ತೊಂದರೆಗೆ ಕತ್ತಿನ ಕೆಳಭಾಗದಲ್ಲಿ ರಂಧ್ರ ಮಾಡಿ ನಳಿಕೆ ಹಾಕಿಸಿಕೊಂಡವರನ್ನು ಆಸ್ಪತ್ರೆಯಲ್ಲಿ ಕಂಡಿರಬಹುದು. ಪ್ರಜ್ಞೆ ಇದೆ, ತುಟಿ ಆಡುತ್ತದೆ, ಮಾತು ಮಾತ್ರ ಹೊರಡುವುದಿಲ್ಲ. ಗಾಳಿ ಧ್ವನಿಪೆಟ್ಟಿಗೆಯನ್ನು ತಲುಪುವ ಮೊದಲೇ ರಂಧ್ರದಿಂದ ಹೊರಗೆ ಹೋಗಿಬಿಡುತ್ತದೆ. ಕೆಲವು ಬಗೆಯ ನಳಿಕೆಗಳಿದ್ದವರು ರಂಧ್ರಕ್ಕೆ ಬೆರಳು ಒತ್ತಿ ಹಿಡಿದರೆ ಗಾಳಿ ಮೇಲಕ್ಕೆ ತಿರುಗಿ ಮಾತು ಮರಳುತ್ತದೆ. ಕತ್ತಿನಲ್ಲಿ ರಂಧ್ರವಾದರೆ ಮನುಷ್ಯ ಮೂಕನಾಗುತ್ತಾನೆ, ಹಕ್ಕಿ ಆಗುವುದಿಲ್ಲ. ಇಬ್ಬರಿಗೂ ಇರುವ ವ್ಯತ್ಯಾಸ ಇದಕ್ಕಿಂತ ಚುಟುಕಾಗಿ ಹೇಳಲು ಬರುವುದಿಲ್ಲ.

ಮುಂದಿನ ಸಲ ಕೋಳಿ ಕುಯ್ದಾಗ ಮಗಳಿಗೆ ಧೈರ್ಯವಿದ್ದರೆ ಆ ಅಂಗವನ್ನೇ ತೋರಿಸಿ. ಅಂಗಡಿಯಲ್ಲಿ ಕೊಂಡ ಕೋಳಿಯಾದರೂ ಸರಿ, ಶ್ವಾಸಕೋಶದ ಸಮೇತ ಉಸಿರಿನ ಕೊಳವೆಯನ್ನು ಕತ್ತರಿಸದೆ ಕೊಡಿ ಎಂದು ಕೇಳಬೇಕು. ಉಂಗುರ ಉಂಗುರವಾಗಿರುವ ಬಿಳಿ ಕೊಳವೆಯನ್ನು ಹಿಡಿದು ಕೆಳಗೆ ಬಂದರೆ, ಕವಲಿಗೆ ಸ್ವಲ್ಪ ಮೇಲೆ ಉಂಗುರಗಳು ಒತ್ತೊತ್ತಾಗಿ ಕೂಡಿಕೊಂಡು ಪಕ್ಕಗಳಿಂದ ಚಪ್ಪಟೆಯಾದ ಜಾಗ ಸಿಗುತ್ತದೆ. ಅದರ ಆಸುಪಾಸಿನಲ್ಲಿ, ಬೆಳಕಿಗೆ ಹಿಡಿದರೆ ಹೊಳೆಯುವ ತೆಳುವಾದ ಪೊರೆಗಳು ಕಾಣುತ್ತವೆ. ಅದೇ ಹುಂಜದ ಕೂಗಿನ ಮೂಲ. ಬೇಯಿಸಿದರೆ ಪೊರೆ ಮುದುಡಿ ಏನೂ ಕಾಣುವುದಿಲ್ಲ, ಹಸಿಯಾಗಿರುವಾಗಲೇ ನೋಡಬೇಕು. ನೋಡಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಕೊಳವೆಗೆ ಬಾಯಿ ಇಟ್ಟು ಊದಿ ನೋಡುವ ಆಸೆ ಮಕ್ಕಳಿಗೆ ಬಂದೇ ಬರುತ್ತದೆ, ಖಂಡಿತ ಬೇಡ.

ಊದಿದರೂ ಸದ್ದು ಬರುವುದು ಕಷ್ಟ. ಹಕ್ಕಿಯ ಉಸಿರಾಟ ನಮ್ಮದರಂತಲ್ಲ. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯಾದ ವಪೆ ಅದಕ್ಕೆ ಇಲ್ಲ. ಶ್ವಾಸಕೋಶ ಹೆಚ್ಚು ಹಿಗ್ಗಿ ಕುಗ್ಗುವುದೂ ಇಲ್ಲ. ದೇಹದ ತುಂಬ ಹರಡಿದ ತೆಳು ಗಾಳಿಚೀಲಗಳು, ಸಾಮಾನ್ಯವಾಗಿ ಒಂಬತ್ತು, ತಿದಿಯ ಕೆಲಸ ಮಾಡುತ್ತವೆ. ಅವುಗಳಲ್ಲಿ ಎದೆಯ ಮುಂಭಾಗದ ಒಂದು ಚೀಲ ಸಿರಿಂಕ್ಸನ್ನು ಸುತ್ತುವರಿದಿದೆ. ಎದೆಯ ಮೂಳೆ ಒಳಕ್ಕೆ ಒತ್ತಿದಾಗ ಚೀಲದ ಗಾಳಿಯ ಒತ್ತಡ ಹೊರಗಿನಿಂದ ಪೊರೆಗಳನ್ನು ನಾಳದ ಒಳಕ್ಕೆ ಬಾಗಿಸುತ್ತದೆ, ಅದೇ ಹೊತ್ತಿಗೆ ಒಳಗಿನಿಂದ ಗಾಳಿ ನುಗ್ಗುತ್ತದೆ. ಎರಡೂ ಕೂಡಿದರೆ ಮಾತ್ರ ಪೊರೆ ಅದುರುತ್ತದೆ. ಈ ಚೀಲಕ್ಕೆ ತೂತಾದರೆ ಹಕ್ಕಿಯ ಧ್ವನಿ ಕಟ್ಟಿಹೋಗುತ್ತದೆ ಎಂಬುದು ಬಹಳ ಹಿಂದೆಯೇ ಗೊತ್ತಾದ ಸಂಗತಿ. ನಿಮ್ಮ ತಮ್ಮನ ಅಂಗೈ ಒತ್ತಿದ್ದು ಸರಿಯಾಗಿ ಎದೆಮೂಳೆಯನ್ನೇ. ಚೀಲ ಇಡಿಯಾಗಿತ್ತು, ಗಾಳಿ ತುಂಬಿತ್ತು, ದಾರಿ ತೆರೆದಿತ್ತು. ಕೂಗದೆ ಏನು ಮಾಡೀತು?

ಗಾಳಿಯಿಂದ ಧ್ವನಿ ಹುಟ್ಟುವ ರೀತಿಯಲ್ಲಿ ನಮಗೂ ಹಕ್ಕಿಗೂ ಹೆಚ್ಚಿನ ಭೇದವಿಲ್ಲ. ನಮ್ಮ ಧ್ವನಿತಂತುಗಳು ಹೆಸರಿಗೆ ತಂತುಗಳಾದರೂ ತಂತಿಗಳಂತಿಲ್ಲ. ಎದುರುಬದುರಾಗಿರುವ ಎರಡು ಮೆತ್ತನೆಯ ಮಡಿಕೆಗಳು. ಕೆಳಗಿನಿಂದ ಬರುವ ಉಸಿರು ಅವುಗಳನ್ನು ಬೇರೆ ಮಾಡುತ್ತದೆ, ಅವುಗಳ ಸ್ವಂತ ಬಿಗಿಯೂ ಗಾಳಿಯ ಒತ್ತಡದ ಏರಿಳಿತವೂ ಸೇರಿ ಮತ್ತೆ ಕೂಡಿಸುತ್ತವೆ. ಮಾತನಾಡುವಾಗ ಗಂಡಸರಲ್ಲಿ ಇದು ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ ಸುಮಾರು 200 ಸಲ ನಡೆಯುತ್ತದೆ, ಮಕ್ಕಳಲ್ಲಿ ಇನ್ನೂ ಹೆಚ್ಚು. ಮೀಸೆ ಮೂಡುವ ಹೊತ್ತಿಗೆ ಹುಡುಗರ ಗಂಟಲು ಒಡೆಯುವುದು ಈ ಮಡಿಕೆಗಳು ಬೇಗಬೇಗ ಉದ್ದವಾಗಿ ದಪ್ಪಗಾಗುವುದರಿಂದ. ಹಕ್ಕಿಯಲ್ಲಿ ಪೊರೆಗಳೋ ಪುಟ್ಟ ಮಡಿಕೆಗಳೋ ಇದೇ ರೀತಿ ಅದುರುತ್ತವೆ. ಹಾಡುವ ಹಕ್ಕಿಗಳ ಸ್ವರ ಅಷ್ಟು ಶುದ್ಧವಾಗಿರುವುದನ್ನು ಕೇಳಿ, ಅವು ಸಿಳ್ಳೆ ಹೊಡೆಯುವಂತೆ ಬರಿಯ ಗಾಳಿಯಿಂದಲೇ ಸದ್ದು ಮಾಡುತ್ತಿರಬಹುದು ಎಂದು ಬಹಳ ಕಾಲ ಊಹಿಸಿದ್ದವರಿದ್ದರು. 1997ರಲ್ಲಿ ಫ್ರಾಂಟ್ಸ್ ಗೊಲ್ಲರ್ ಮತ್ತು ಓಲೆ ಲಾರ್ಸೆನ್ ಹಾಡುಹಕ್ಕಿಯ ಶ್ವಾಸನಾಳಕ್ಕೆ ಸಣ್ಣ ದರ್ಶಕ ಕೊಳವೆ ಇಳಿಸಿ ನೋಡಿದಾಗ, ಮಡಿಕೆಗಳು ಗಾಳಿಯ ದಾರಿಗೆ ಬಂದು ಅದುರುವುದು ಕಣ್ಣಿಗೇ ಕಂಡಿತು. 2015ರಲ್ಲಿ ಡೆನ್ಮಾರ್ಕಿನ ಕೂನ್ ಎಲೆಮಾನ್ಸ್ ಮತ್ತು ಸಂಗಡಿಗರು ಹಲವು ಜಾತಿಯ ಹಕ್ಕಿಗಳ ಸಿರಿಂಕ್ಸನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು, ಮನುಷ್ಯನ ಧ್ವನಿತಂತುಗಳಿಗೆ ಅನ್ವಯಿಸುವ ಭೌತಶಾಸ್ತ್ರವೇ ಹಕ್ಕಿಗಳಿಗೂ ಸಾಕು ಎಂದು ಖಚಿತಪಡಿಸಿದರು.

ಹಾಗಾದರೆ ಹಕ್ಕಿಯ ಅಂಗ ನಮ್ಮದಕ್ಕಿಂತ ಎಲ್ಲಿ ಮೇಲು? ಕವಲಿನಲ್ಲಿ ಕುಳಿತಿರುವುದೇ ಅದರ ಭಾಗ್ಯ. ಮಡಿವಾಳ ಹಕ್ಕಿ, ಪಿಕಳಾರ, ಸೂರಕ್ಕಿಗಳು ಸೇರಿರುವ ಹಾಡುಹಕ್ಕಿಗಳ ಗುಂಪಿನಲ್ಲಿ ಬಲಗವಲಿಗೊಂದು, ಎಡಗವಲಿಗೊಂದು ಜೊತೆ ಮಡಿಕೆಗಳಿರುತ್ತವೆ. ಎರಡನ್ನೂ ಬೇರೆ ಬೇರೆಯಾಗಿ ಆಡಿಸಬಲ್ಲವು. ಅಂದರೆ ಒಂದು ಹಕ್ಕಿಗೆ ಎರಡು ಕಂಠ. 1971ರಲ್ಲಿ ಫರ್ನಾಂಡೊ ನಾಟಿಬಾಮ್ ಚಾಫಿಂಚ್ ಎಂಬ ಯುರೋಪಿನ ಹಕ್ಕಿಯ ಸಿರಿಂಕ್ಸಿಗೆ ಹೋಗುವ ಎಡಗಡೆಯ ನರ ಕತ್ತರಿಸಿದಾಗ ಹಾಡಿನ ಬಹುಪಾಲು ಕಳೆದುಹೋಯಿತು, ಬಲಗಡೆಯದನ್ನು ಕತ್ತರಿಸಿದಾಗ ಹೆಚ್ಚು ನಷ್ಟವಾಗಲಿಲ್ಲ. ಅಮೆರಿಕದ ಕಾರ್ಡಿನಲ್ ಹಕ್ಕಿ ಇನ್ನೂ ಜಾಣ. ಕೆಳಗಿನ ಸ್ವರಗಳನ್ನು ಎಡಗವಲಿನಿಂದ, ಮೇಲಿನವನ್ನು ಬಲಗವಲಿನಿಂದ ತೆಗೆಯುತ್ತದೆ. ಕೆಳಗಿನಿಂದ ಮೇಲಕ್ಕೆ ಒಂದೇ ಎಳೆತದಲ್ಲಿ ಜಾರುವಾಗ ನಡುವೆ ಒಂದು ಕಂಠದಿಂದ ಇನ್ನೊಂದಕ್ಕೆ ದಾಟಿಕೊಂಡರೂ ಕೇಳುವವರ ಕಿವಿಗೆ ಹೊಲಿಗೆ ಸಿಗುವುದಿಲ್ಲ. ನಮ್ಮ ಸಂಗೀತಗಾರರು ವರ್ಷಗಟ್ಟಲೆ ಸಾಧನೆ ಮಾಡಿದರೂ ಒಂದೇ ಜೊತೆ ಮಡಿಕೆಗಳಲ್ಲಿ ಸಂಸಾರ ನಡೆಸಬೇಕು.

ಉಸಿರಿನ ಲೆಕ್ಕವೂ ಬೇರೆ. ನಿಮ್ಮ ಕಡೆಯಿಂದ ದೂರವೇನಿಲ್ಲ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲಿಗೆ ಬೆಳಿಗ್ಗೆ ಹೋದರೆ, ನೆಲಗುಬ್ಬಿಗಳ ಜಾತಿಯ ಪುಟ್ಟ ಹಕ್ಕಿಗಳು ನೆಲದಿಂದ ನೆಟ್ಟಗೆ ಮೇಲೇರುತ್ತ, ರೆಕ್ಕೆ ಬಡಿಯುತ್ತಲೇ ಹಾಡುವುದನ್ನು ನೋಡಬಹುದು. ಮೆಟ್ಟಿಲು ಹತ್ತುತ್ತ ಫೋನಿನಲ್ಲಿ ಮಾತನಾಡಲು ನಮಗೆ ಏದುಸಿರು ಬರುತ್ತದೆ! ಹಾಡುಹಕ್ಕಿಗಳು ಸ್ವರ ಮತ್ತು ಸ್ವರದ ನಡುವಿನ ಕಿರು ಬಿಡುವಿನಲ್ಲಿ ಚಿಟಿಕೆಯಷ್ಟು ಉಸಿರನ್ನು ಒಳಗೆಳೆದುಕೊಳ್ಳುತ್ತವೆ. ಕೆನರಿ ಹಕ್ಕಿಗಳಲ್ಲಿ ಇದನ್ನು 1989ರಲ್ಲಿ ಹಾರ್ಟ್ಲಿ ಮತ್ತು ಸದರ್ಸ್ ಅಳೆದು ತೋರಿಸಿದರು. ಸೆಕೆಂಡಿಗೆ ಇಪ್ಪತ್ತಕ್ಕೂ ಹೆಚ್ಚು ಸ್ವರಗಳನ್ನು ಉದುರಿಸುವಾಗಲೂ ಪ್ರತಿಯೊಂದರ ನಡುವೆ ಅವು ಉಸಿರಾಡುತ್ತಿರುತ್ತವೆ. ನಾವು ಒಂದು ದೀರ್ಘ ವಾಕ್ಯ ಮುಗಿಯುವವರೆಗೆ ಬಿಡುತ್ತಲೇ ಇರಬೇಕು.

ಎಲ್ಲ ಹಕ್ಕಿಗಳಿಗೂ ಈ ಸಂಪತ್ತು ಇಲ್ಲ. ಹಾಡುಹಕ್ಕಿಗಳ ಸಿರಿಂಕ್ಸಿಗೆ ಐದಾರು ಜೊತೆಗೂ ಮೀರಿ ಸ್ವಂತ ಸ್ನಾಯುಗಳಿರಬಹುದು. ಗಿಳಿಗೆ ಎರಡು ಜೊತೆ. ನಿಮ್ಮ ಹುಂಜಕ್ಕೆ ಸ್ವಂತದ್ದು ಒಂದೂ ಇಲ್ಲ. ಶ್ವಾಸನಾಳವನ್ನು ಎಳೆಯುವ ಸ್ನಾಯುಗಳಿಂದಲೇ ಅದು ಕಾಲ ತಳ್ಳುತ್ತದೆ. ಕೊಕ್ಕರೆಗಳ ಕುಟುಂಬದಲ್ಲಂತೂ ಬಡತನ ಎದ್ದು ಕಾಣುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವಲ್ಲ, ಅಲ್ಲಿ ಗಲಾಟೆಯೆಲ್ಲ ಮರಿಗಳದು. ದೊಡ್ಡ ಹಕ್ಕಿಗಳಿಂದ ಕೇಳುವುದು ಹೆಚ್ಚಾಗಿ ಕೊಕ್ಕಿಗೆ ಕೊಕ್ಕು ಬಡಿಯುವ ಟಕಟಕ.

ಇನ್ನು ಮಾತಿನ ವಿಷಯ. ನಮ್ಮ ಧ್ವನಿಪೆಟ್ಟಿಗೆಯಿಂದ ಹೊರಡುವುದು ಮಾತಾಗಿರುವುದಿಲ್ಲ. ಅದು ಬರಿಯ ಗುಂಯ್‌ಗುಡುವ ಸದ್ದು. ನಾಗಸ್ವರದ ಪೀಪಿಯನ್ನು ಬಿಡಿಯಾಗಿ ಊದಿದರೆ ಪೇಂ ಎನ್ನುವಷ್ಟೇ, ಉದ್ದನೆಯ ಕೊಳವೆಗೆ ಜೋಡಿಸಿದರೆ ಅದೇ ಸದ್ದು ರಾಗವಾಗುತ್ತದೆ. ನಮ್ಮಲ್ಲಿ ಆ ಕೊಳವೆಯೆಂದರೆ ಗಂಟಲು, ಬಾಯಿ, ಮೂಗು. ನಾಲಿಗೆಯನ್ನು ಎತ್ತಿ ಇಳಿಸಿ, ತುಟಿಯನ್ನು ದುಂಡಗೆ ಮಾಡಿ ಕೊಳವೆಯ ಆಕಾರ ಬದಲಿಸಿದಂತೆ ಕೆಲವು ಕಂಪನಗಳು ಮೇಲೆದ್ದು ಕೆಲವು ಅಡಗುತ್ತವೆ. ‘ಆ’ ಮತ್ತು ‘ಈ’ ಬೇರೆಯಾಗಿ ಕೇಳುವುದು ಅದರಿಂದ. ಇದಕ್ಕೊಂದು ಗಣಿತದ ಚೌಕಟ್ಟನ್ನು 1960ರಲ್ಲಿ ಸ್ವೀಡನ್ನಿನ ಗುನ್ನಾರ್ ಫಾಂಟ್ ಕಟ್ಟಿಕೊಟ್ಟರು.

ಚೌಕಟ್ಟಿನ ಒಂದು ಭಾಗ ನಮ್ಮ ಮಕ್ಕಳಿಗೆ ಅಕ್ಷರಮಾಲೆಯಲ್ಲೇ ಸಿಕ್ಕಿಬಿಟ್ಟಿದೆ. ಕ, ಚ, ಟ, ತ, ಪ ಎಂದು ನಿಧಾನವಾಗಿ ಹೇಳಿಸಿ. ನಾಲಿಗೆ ತಡೆಯೊಡ್ಡುವ ಜಾಗ ಬಾಯಿಯ ಹಿಂಭಾಗದಿಂದ ಒಂದೊಂದೇ ಹೆಜ್ಜೆ ಮುಂದಕ್ಕೆ ಬಂದು ಕೊನೆಗೆ ತುಟಿಯಲ್ಲಿ ಮುಗಿಯುತ್ತದೆ. ವರ್ಗೀಯ ವ್ಯಂಜನಗಳ ಐದು ಸಾಲುಗಳು ಬಾಯಿಯ ನಕ್ಷೆಯೇ ಆಗಿವೆ. ಕಂಬಗಳಲ್ಲೂ ಅರ್ಥವಿದೆ. ಗಂಟಲ ಮೇಲೆ ಬೆರಳಿಟ್ಟು ‘ಪ’ ಮತ್ತು ‘ಬ’ ಹೇಳಿಸಿ: ‘ಬ’ ಎನ್ನುವಾಗ ತುಟಿ ತೆರೆಯುವ ಮೊದಲೇ ಗಂಟಲು ಅದುರುತ್ತದೆ, ‘ಪ’ ಎನ್ನುವಾಗ ಅದುರು ತಡವಾಗಿ ಬರುತ್ತದೆ. ‘ಫ’ ಎನ್ನುವಾಗ, ಈಗಿನವರು ಇಂಗ್ಲಿಷಿನ ಹಾಗೆ ಹಲ್ಲಿಗೆ ತುಟಿ ಕಚ್ಚದೆ ಸರಿಯಾಗಿ ಹೇಳಿದರೆ, ಬಾಯಿ ಮುಂದೆ ಹಿಡಿದ ಕೈಗೆ ಗಾಳಿ ಬಡಿಯುತ್ತದೆ. ‘ಮ’ ಎನ್ನುವಾಗ ಕಿರುನಾಲಿಗೆ ಇರುವ ಮೃದು ಅಂಗಳ ಕೆಳಕ್ಕಿಳಿದು ಮೂಗಿನ ದಾರಿ ತೆರೆಯುತ್ತದೆ. ಮೂಗು ಹಿಡಿದುಕೊಂಡು ‘ಅಮ್ಮ’ ಎಂದು ನೋಡಲಿ, ‘ಅಬ್ಬ’ ಎಂದಂತೆ ಕೇಳುತ್ತದೆ. ಈ ಆಟಕ್ಕೆ ಹುಡುಗಿ ಊಟವನ್ನಂತೂ ಬಿಡಲಾರಳು.

ಸದ್ದಿನ ಮೂಲ ಬೇರೆ, ಅದಕ್ಕೆ ಅಕ್ಷರದ ರೂಪ ಕೊಡುವ ಜಾಗ ಬೇರೆ ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ ಗಂಟಲ ಕ್ಯಾನ್ಸರ್‌ನಿಂದ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವರು. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಹೆಚ್ಚು. ಅವರಲ್ಲಿ ಕೆಲವರು ಟಾರ್ಚಿನ ಗಾತ್ರದ ಬ್ಯಾಟರಿ ಯಂತ್ರವನ್ನು ಕತ್ತಿಗೆ ಒತ್ತಿ ಹಿಡಿಯುತ್ತಾರೆ. ಯಂತ್ರ ಒಂದೇ ಸಮನೆ ಗುಂಯ್ ಎನ್ನುತ್ತದೆ, ನಾಲಿಗೆ ತುಟಿಗಳು ಎಂದಿನಂತೆ ಆಡುತ್ತವೆ, ಮಾತು ಹೊರಬರುತ್ತದೆ. ಏರಿಳಿತವಿಲ್ಲದ ಒಣ ಮಾತು, ಆದರೂ ಅರ್ಥವಾಗುವ ಮಾತು. ಪಿಸುಮಾತಿನಲ್ಲೂ ಹೀಗೆಯೇ. ಧ್ವನಿತಂತು ಅದುರದಿದ್ದರೂ ಗುಟ್ಟು ಮಾತ್ರ ಚೆನ್ನಾಗಿ ದಾಟುತ್ತದೆ.

ಹಾಡುಹಕ್ಕಿಗಳಲ್ಲಿ ಹೆಚ್ಚಿನ ಕೆಲಸ ಮೂಲದಲ್ಲೇ ಮುಗಿದಿರುತ್ತದೆ. ಸ್ವರದ ಏರಿಳಿತ, ಕತ್ತರಿಕೆ, ಗಮಕವೆಲ್ಲ ಸಿರಿಂಕ್ಸಿನ ಸ್ನಾಯುಗಳ ಕೈಚಳಕ. ಹಾಗೆಂದು ಗಂಟಲು, ಕೊಕ್ಕು ಸುಮ್ಮನೆ ಇರುವುದಿಲ್ಲ. 1987ರಲ್ಲಿ ಸ್ಟೀಫನ್ ನೊವಿಕಿ ಹಾಡುಹಕ್ಕಿಗಳನ್ನು ಹೀಲಿಯಂ ಬೆರೆಸಿದ ಗಾಳಿಯಲ್ಲಿ ಹಾಡಿಸಿದರು. ಹೀಲಿಯಂನಲ್ಲಿ ಸದ್ದಿನ ವೇಗ ಹೆಚ್ಚು, ಹಾಗಾಗಿ ಗಂಟಲಿನ ಅನುರಣನ ಸ್ವರದ ಜೊತೆ ಹೊಂದಿಕೆ ತಪ್ಪುತ್ತದೆ. ಆಗ ಅಲ್ಲಿಯವರೆಗೆ ಶುದ್ಧವಾಗಿ ಕೇಳುತ್ತಿದ್ದ ಸ್ವರಗಳ ಜೊತೆ ಅಡಗಿದ್ದ ಮೇಲ್ಸ್ವರಗಳು ಇಣುಕಿದವು. ಅಂದರೆ ಹಕ್ಕಿಯ ಗಂಟಲೂ ಕೊಕ್ಕೂ ಸೋಸುವ ಕೆಲಸದಲ್ಲಿದ್ದವು. ಹೊಲದ ಬೆಳವ ಗುಟುರು ಹಾಕುವಾಗ ಗಮನಿಸಿ: ಕೊಕ್ಕು ಮುಚ್ಚಿಯೇ ಇರುತ್ತದೆ, ಕೊರಳು ಮಾತ್ರ ಉಬ್ಬುತ್ತದೆ.

ಗಿಳಿ ನಮಗೂ ಹಾಡುಹಕ್ಕಿಗಳಿಗೂ ನಡುವೆ ನಿಂತಿದೆ. ಅದರ ಸಿರಿಂಕ್ಸ್ ಶ್ವಾಸನಾಳದ ಬುಡದಲ್ಲಿದ್ದು, ಹಾಡುಹಕ್ಕಿಯಂತೆ ಎರಡು ಕಂಠಗಳಿಲ್ಲ, ಒಂದೇ. ಆ ಕೊರತೆಯನ್ನು ನಾಲಿಗೆ ತುಂಬಿಕೊಡುತ್ತದೆ. ಸೀಬೆಹಣ್ಣನ್ನು ತಿರುಗಿಸಿ ತಿರುಗಿಸಿ ತಿನ್ನುವ ಆ ದಪ್ಪ ಮಾಂಸಲ ನಾಲಿಗೆಯನ್ನು ನೋಡಿಯೇ ಇರುತ್ತೀರಿ. 2004ರಲ್ಲಿ ಗೇಬ್ರಿಯಲ್ ಬೆಕರ್ಸ್ ಮತ್ತು ಸಂಗಡಿಗರು ಸತ್ತ ಮಾಂಕ್ ಗಿಳಿಗಳ ಸಿರಿಂಕ್ಸಿನ ಜಾಗದಲ್ಲಿ ಪುಟ್ಟ ಸ್ಪೀಕರ್ ಇಟ್ಟು, ನಾಲಿಗೆಯನ್ನು ಅತ್ತಿತ್ತ ಸರಿಸಿ ನೋಡಿದರು. ಒಂದು ಮಿಲಿಮೀಟರಿಗಿಂತ ಕಡಿಮೆ ಸರಿದರೂ ಹೊರಬರುವ ಸದ್ದಿನ ಬಣ್ಣ ಬದಲಾಗುತ್ತಿತ್ತು. ನಮ್ಮ ‘ಆ’, ‘ಈ’ಗಳ ತಂತ್ರವೇ ಇದು.

‘ಅಮ್ಮ’ ಎನ್ನಲು ತುಟಿ ಬೇಕಲ್ಲ ಎಂದು ಮಗಳು ಕೇಳಬಹುದು, ಕೇಳಬೇಕು. ಗಿಳಿ ನಮ್ಮ ತುಟಿಯ ಚಲನೆಯನ್ನು ಅನುಕರಿಸುವುದಿಲ್ಲ. ಕಿವಿಗೆ ಬಿದ್ದ ಸದ್ದಿಗೆ ಹತ್ತಿರವಾದದ್ದನ್ನು ತನ್ನಲ್ಲಿರುವ ಸಾಮಾನಿನಿಂದ ತಯಾರಿಸುತ್ತದೆ. ಬರುವುದು ಪೂರ್ತಿ ‘ಮ’ಕಾರ ಆಗಿರುವುದಿಲ್ಲ, ಉಳಿದದ್ದನ್ನು ಕೇಳುವವರ ಮಿದುಳು ಒದಗಿಸಿಕೊಳ್ಳುತ್ತದೆ. ಯಜಮಾನಿಗೆ ಸ್ಪಷ್ಟವಾಗಿ ‘ಅಮ್ಮಾ, ಬಾ’ ಎಂದು ಕೇಳುವ ಗಿಳಿ ನೆಂಟರಿಗೆ ಬರಿಯ ಕಿರುಚಾಟವಾಗಿ ಕೇಳುವುದರಲ್ಲಿ ಆಶ್ಚರ್ಯವಿಲ್ಲ.

ಈಗ ಕೋಗಿಲೆಗೆ ಬರುತ್ತೇನೆ, ನಿಮ್ಮ ಮಗಳ ಪ್ರಶ್ನೆಯಲ್ಲಿ ನನಗೆ ಬಹಳ ಹಿಡಿಸಿದ್ದು ಅದೇ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಮಾರ್ಚ್‌ನಿಂದಲೇ ಗಂಟಲು ಹರಿಯುವಂತೆ ಕುಹೂ ಎನ್ನುವ ಕಪ್ಪು ಹಕ್ಕಿ ಗಂಡು. ಚುಕ್ಕೆ ಚುಕ್ಕೆಯ ಕಂದು ಹೆಣ್ಣಿನದು ಕಿಕ್‌ಕಿಕ್ ಎಂಬ ಬೇರೆಯೇ ಕೂಗು. ಕವಿಗಳು ಏನೇ ಹೇಳಲಿ, ಪ್ರಾಣಿಶಾಸ್ತ್ರದ ವರ್ಗೀಕರಣದಲ್ಲಿ ಕೋಗಿಲೆ ಹಾಡುಹಕ್ಕಿಗಳ ಗುಂಪಿಗೆ ಸೇರುವುದಿಲ್ಲ. ಸೇರಿರುವುದು ಯಾರು ಗೊತ್ತೇ? ಕಾಗೆ. ಆ ಗುಂಪಿನ ಲಕ್ಷಣವಾದ ಹಲವು ಜೊತೆ ಸ್ನಾಯುಗಳ ಸಿರಿಂಕ್ಸು, ಹಾಡು ಕಲಿಯುವ ಮಿದುಳಿನ ಕೇಂದ್ರಗಳು ಎಲ್ಲವೂ ಕಾಗೆಗಿವೆ. ಮನುಷ್ಯರ ನಡುವೆ ಬೆಳೆದ ಕಾಗೆಗಳು ಮನುಷ್ಯರ ಮಾತನ್ನು ಅನುಕರಿಸಿದ ಉದಾಹರಣೆಗಳು ಚೆನ್ನಾಗಿ ದಾಖಲಾಗಿವೆ. ಕಾಗೆಯ ಕಂಠವನ್ನು ಹೀಗಳೆದು ಕೋಗಿಲೆಯನ್ನು ಹೊಗಳುವ ಸುಭಾಷಿತಗಳನ್ನು ಬಾಯಿಪಾಠ ಮಾಡಿಸುವಾಗ ಮೇಷ್ಟ್ರುಗಳು ಈ ಮಾತನ್ನೂ ಸೇರಿಸಿದರೆ ಒಳ್ಳೆಯದು.

ಕೋಗಿಲೆಯ ಹಾಡು ಹುಟ್ಟಿನಿಂದ ಬಂದದ್ದು. ಅದು ಮೊಟ್ಟೆಯಿಡುವುದು ಕಾಗೆಯ ಗೂಡಿನಲ್ಲಿ. ಮರಿ ಕಣ್ಣು ಬಿಡುವುದು ಕಾಕಾ ಎಂಬ ಕೂಗಿನ ನಡುವೆ, ತುತ್ತು ತಿನ್ನುವುದು ಕಾಗೆಯ ಕೊಕ್ಕಿನಿಂದ. ಆದರೂ ದೊಡ್ಡದಾದ ಮೇಲೆ ಕುಹೂ ಎನ್ನುತ್ತದೆಯೇ ಹೊರತು ಕಾ ಎನ್ನುವುದಿಲ್ಲ. ಕಲಿಯದೆ ಬರುವ ಹಾಡಿಗೆ ಹೊಸದನ್ನು ಸೇರಿಸುವ ದಾರಿಯೂ ಇಲ್ಲ. ಕೋಳಿಯೂ ಹೀಗೆಯೇ. ಮಸಾಕಾಜು ಕೊನಿಶಿ 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮರಿಯಾಗಿರುವಾಗಲೇ ಕಿವಿ ಕಳೆದುಕೊಂಡ ಹುಂಜಗಳು ಬೆಳೆದ ಮೇಲೆ ಉಳಿದವುಗಳಂತೆಯೇ ಕೂಗಿದವು. ಹಾಡುಹಕ್ಕಿಯ ಮರಿಗೆ ಕಿವಿ ಹೋದರೆ ಹಾಡು ಕೆಟ್ಟು ಕೆರವಾಗುತ್ತದೆ. ಅದು ಮೊದಲು ದೊಡ್ಡವರ ಹಾಡನ್ನು ಕೇಳಿ ಮನಸ್ಸಿನಲ್ಲಿಟ್ಟುಕೊಂಡು, ಆಮೇಲೆ ತೊದಲುತ್ತ ತೊದಲುತ್ತ ತನ್ನ ಸ್ವರವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ನಮ್ಮ ಕೂಸುಗಳು ಬಾಬಾ, ತಾತಾ ಎಂದು ತೊದಲುವ ಹಂತಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ಪೀಟರ್ ಮಾರ್ಲರ್ 1970ರಲ್ಲೇ ಎತ್ತಿ ತೋರಿಸಿದ್ದರು. ಕಿವಿ ಕೇಳದ ಮಕ್ಕಳಿಗೆ ಬೇಗ ಪರೀಕ್ಷೆ ಮಾಡಿಸಿ ಎಂದು ವೈದ್ಯರು ಒತ್ತಾಯಿಸುವುದು ಇದೇ ಕಾರಣಕ್ಕೆ: ಗಂಟಲು ನೆಟ್ಟಗಿದ್ದರೂ ಕೇಳದೆ ಮಾತು ಕೂಡುವುದಿಲ್ಲ.

ಹೀಗೆ ಕೇಳಿ ಕಲಿಯಬಲ್ಲ ಹಕ್ಕಿಗಳ ದೊಡ್ಡ ಗುಂಪುಗಳು ಮೂರೇ: ಹಾಡುಹಕ್ಕಿಗಳು, ಗಿಳಿಗಳು, ಅಮೆರಿಕ ಖಂಡಗಳ ಹಮ್ಮಿಂಗ್ ಬರ್ಡ್‌ಗಳು. ಸಸ್ತನಿಗಳಲ್ಲಿ ಮನುಷ್ಯ, ತಿಮಿಂಗಿಲ, ಡಾಲ್ಫಿನ್, ಕೆಲವು ಬಾವಲಿ, ಸೀಲ್, ಆನೆ. ದಕ್ಷಿಣ ಕೊರಿಯಾದ ಕೋಷಿಕ್ ಎಂಬ ಆನೆ ಸೊಂಡಿಲನ್ನು ಬಾಯಿಯೊಳಗೆ ಇಟ್ಟುಕೊಂಡು ಕೆಲವು ಕೊರಿಯನ್ ಪದಗಳನ್ನು ನುಡಿಯುವುದು 2012ರಲ್ಲಿ ವರದಿಯಾಯಿತು. ನಮ್ಮ ಹತ್ತಿರದ ಬಂಧುವಾದ ಚಿಂಪಾಂಜಿ ಪಟ್ಟಿಯಲ್ಲಿಲ್ಲ. ಸುಮಾರು 1950ರ ಹೊತ್ತಿಗೆ ಅಮೆರಿಕದ ಹೇಯ್ಸ್ ದಂಪತಿ ವಿಕಿ ಎಂಬ ಚಿಂಪಾಂಜಿ ಮರಿಯನ್ನು ಮಗುವಿನಂತೆ ಸಾಕಿ, ವರ್ಷಗಟ್ಟಲೆ ಕಲಿಸಿದರೂ ಅದಕ್ಕೆ ಬಂದದ್ದು ಮಾಮಾ, ಪಾಪಾ, ಕಪ್, ಅಪ್ ಎಂಬ ನಾಲ್ಕೇ ಪದ, ಅವೂ ಉಸಿರುಗಟ್ಟಿದಂತೆ. ವಾನರಗಳ ಗಂಟಲಿನ ಆಕಾರ ಸರಿಯಿಲ್ಲ, ಧ್ವನಿಪೆಟ್ಟಿಗೆ ಮನುಷ್ಯರಲ್ಲಿರುವಷ್ಟು ಕೆಳಗಿಲ್ಲ ಎಂಬ ವಿವರಣೆ ದಶಕಗಳ ಕಾಲ ನಡೆಯಿತು. 2016ರಲ್ಲಿ ಟೆಕುಮ್ಸೆ ಫಿಚ್ ಮತ್ತು ಸಂಗಡಿಗರು ಮಕಾಕ್ ಕೋತಿಯ ಗಂಟಲನ್ನು ಎಕ್ಸ್‌-ರೇ ವೀಡಿಯೊದಲ್ಲಿ ಅಳೆದು ಲೆಕ್ಕ ಹಾಕಿದಾಗ, ಅರ್ಥವಾಗುವಂಥ ಮಾತಿಗೆ ಬೇಕಾದ ಸ್ವರಗಳನ್ನು ಆ ಗಂಟಲು ಹೊರಡಿಸಬಲ್ಲದು ಎಂದು ಗೊತ್ತಾಯಿತು. ಕೊಳವೆ ಸಿದ್ಧವಿದೆ, ಊದಿಸುವವನಿಲ್ಲ.

ಊದಿಸುವ ಏರ್ಪಾಡು ಮಿದುಳಿನಲ್ಲಿದೆ. ಮನುಷ್ಯರಲ್ಲಿ ಮಿದುಳಿನ ಮೇಲ್ಪದರದಿಂದ ಧ್ವನಿಪೆಟ್ಟಿಗೆಯ ನರಕೋಶಗಳಿಗೆ ನೇರವಾದ ದಾರಿಯೊಂದು ಇಳಿಯುತ್ತದೆ. ಹಾಡುಹಕ್ಕಿಯಲ್ಲೂ ಮುಂಮಿದುಳಿನ ಹಾಡಿನ ಕೇಂದ್ರದಿಂದ ಸಿರಿಂಕ್ಸಿನ ನರಕೋಶಗಳಿಗೆ ಅಂಥದೇ ನೇರ ದಾರಿ ಇದೆ, ಕೋಳಿ, ಪಾರಿವಾಳಗಳಲ್ಲಿ ಹಾಗೆ ಎದ್ದು ಕಾಣುವ ದಾರಿ ಇಲ್ಲ. ಇನ್ನೊಂದು ತಮಾಷೆ ನೋಡಿ. ಹಕ್ಕಿಯ ಸಿರಿಂಕ್ಸನ್ನು ಆಡಿಸುವುದು, ಮಿದುಳಿನಿಂದ ಹೊರಡುವ ಕಪಾಲನರಗಳಲ್ಲಿ ಹನ್ನೆರಡನೆಯದರ ಕವಲು. ನಮ್ಮಲ್ಲಿ ಅದೇ ಹನ್ನೆರಡನೆಯ ನರ ನಾಲಿಗೆಯನ್ನು ಆಡಿಸುತ್ತದೆ. ನಮ್ಮ ಧ್ವನಿಪೆಟ್ಟಿಗೆಗೆ ಬರುವುದು ಹತ್ತನೆಯ ನರ, ಅದರ ಒಂದು ಕವಲು ಎದೆಯವರೆಗೆ ಇಳಿದು ಮತ್ತೆ ಮೇಲೇರಿ ಥೈರಾಯಿಡ್ ಗ್ರಂಥಿಯ ಬೆನ್ನಿಗೆ ಹಾದು ಬರುತ್ತದೆ. ಥೈರಾಯಿಡ್ ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು ದನಿ ಒಡೆಯುವ ಸಂಭವವಿದೆ ಎಂದು ಎಚ್ಚರಿಸುವುದು ಈ ಕವಲಿನ ಸಲುವಾಗಿ.

ಕೊನೆಯದು ನಾಲಿಗೆ ಕೆರೆಯುವ ಪ್ರಶ್ನೆ. ಸುಳ್ಳು, ಅಷ್ಟೇ ಅಲ್ಲ, ಕೆಟ್ಟ ಸುಳ್ಳು. ಗಿಳಿಗೆ ಮಾತಿನ ರೂಪ ಕೊಡುವುದೇ ನಾಲಿಗೆ. ಅದನ್ನು ಗಾಯ ಮಾಡಿದರೆ ಮಾತಿರಲಿ, ತಿನ್ನುವುದೂ ನಿಲ್ಲುತ್ತದೆ. ಗೊರವಂಕ, ಕಾಗೆಗಳ ನಾಲಿಗೆ ಸೀಳಬೇಕೆಂಬ ಮಾತೂ ಚಾಲ್ತಿಯಲ್ಲಿದೆ. ಅವುಗಳ ಅನುಕರಣೆಯ ಮುಖ್ಯ ಕೆಲಸ ನಡೆಯುವುದು ಎದೆಯೊಳಗಿನ ಸಿರಿಂಕ್ಸಿನಲ್ಲಿ. ಮೇಲಾಗಿ ನಮ್ಮ ಹಸಿರು ಗಿಳಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸಂತೆಯಲ್ಲಿ ಶಾಸ್ತ್ರ ಹೇಳುವ ಗಿಳಿಗೂ ಇದು ಅನ್ವಯಿಸುತ್ತದೆ. ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂದು ಮಾರುವ ಆಸ್ಟ್ರೇಲಿಯಾ ಮೂಲದ ಬಜ್ಜರಿಗಾರ್ ಕೂಡ ಗಿಳಿಯ ಜಾತಿಯೇ, ಅದನ್ನು ಸಾಕಲು ಅಡ್ಡಿಯಿಲ್ಲ. ಗಂಡು ಹಕ್ಕಿ ಹೆಚ್ಚು ಕಲಿಯುತ್ತದೆ, ಅದೂ ಎಳೆಯದರಲ್ಲಿ. ಒಂಟಿಯಾಗಿಟ್ಟರೆ ನಿಮ್ಮ ಮಾತಿಗೆ ಕಿವಿ ಕೊಡುತ್ತದೆ ಎನ್ನುತ್ತಾರೆ, ಗುಂಪಿನಲ್ಲಿ ಬದುಕುವ ಹಕ್ಕಿಯನ್ನು ಹಾಗೆ ಇಡುವುದು ನನಗೆ ಸರಿ ಕಾಣುವುದಿಲ್ಲ. ಜೋಡಿಯಾಗಿ ಇಡಿ. ಆಗ ಅವು ತಮ್ಮತಮ್ಮಲ್ಲೇ ಹರಟಿಕೊಳ್ಳುತ್ತವೆ, ನಿಮ್ಮ ಕನ್ನಡವನ್ನು ಕಲಿಯುವ ಸಂಭವ ಕಡಿಮೆ.